ಹಲಗೆಗೆ ಕಟ್ಟಿ ಮಾರುವ ಡೆಂಡ್ರೋಬಿಯಂ ಲಿಂಡ್ಲೆಯಿ: ಗಿಡ ಉತ್ತಮ, ಜೊತೆಗೆ ಬರುವ ಚೀಟಿ ತಪ್ಪು

ನರ್ಸರಿಯೊಂದರಿಂದ ಕೊರಿಯರ್ ಮೂಲಕ ತರಿಸಿಕೊಂಡ ಡೆಂಡ್ರೋಬಿಯಂ ಲಿಂಡ್ಲೆಯಿ ಆರ್ಕಿಡ್ ಬೆಂಗಳೂರಿನ ನಮ್ಮ ಮನೆಯ ಪೂರ್ವದಿಕ್ಕಿನ ಬಾಲ್ಕನಿಯಲ್ಲಿ ಬೇರೂರಿ ಹೂಬಿಟ್ಟಿದೆ. ಗಿಡದ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಆದರೆ ಅದರೊಂದಿಗೆ ಬಂದ ಆರೈಕೆಯ ಚೀಟಿಯನ್ನು ಯಾರೂ ಪಾಲಿಸಬಾರದು. ಪಾಲಿಸಿದರೆ ಗಿಡ ವರ್ಷವಿಡೀ ಹಸಿರಾಗಿ ಕಾಣುತ್ತಲೇ ಹೂವಿಲ್ಲದೆ ಉಳಿಯುವ ಸಂಭವ ಹೆಚ್ಚು.

ಈಶಾನ್ಯ ಭಾರತದಿಂದ ಮ್ಯಾನ್ಮಾರ್, ಥಾಯ್ಲೆಂಡ್‌ಗಳನ್ನು ಹಾದು ದಕ್ಷಿಣ ಚೀನಾದವರೆಗಿನ ಕಾಡುಗಳಲ್ಲಿ ಇದು ಮರದ ತೊಗಟೆಯ ಮೇಲೆ ಬೆಳೆಯುತ್ತದೆ. ಮಲೆನಾಡಿನ ಮಾವು, ಹಲಸಿನ ಕೊಂಬೆಗಳಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡನ್ನು ಕಂಡವರಿಗೆ ಈ ಜೀವನಕ್ರಮ ಪರಿಚಿತ: ಬಂದಳಿಕೆಯಂತೆ ಮರದ ರಸವನ್ನು ಹೀರದೆ, ಮಳೆ, ಇಬ್ಬನಿ ಮತ್ತು ತೊಗಟೆಯ ಸಂದಿಯಲ್ಲಿ ಕೂಡಿದ ಕಸದಿಂದಲೇ ಇದು ಬದುಕುತ್ತದೆ. ಒತ್ತೊತ್ತಾಗಿ ಹೆಣೆದುಕೊಂಡ, ನಾಲ್ಕು ಮೂಲೆಗಳ ಚಪ್ಪಟೆ ಗಡ್ಡೆಯಂಥ ಕಾಂಡಗಳು, ಪ್ರತಿ ಕಾಂಡದ ತುದಿಗೆ ದಪ್ಪನೆಯ ಒಂದೇ ಎಲೆ. ಬಲಿತ ಕಾಂಡವೂ ಬೆರಳುದ್ದವನ್ನು ಮೀರುವುದು ಅಪರೂಪ. ಇಷ್ಟು ಚಿಕ್ಕ ಗಿಡದಿಂದ ಮಾರ್ಚ್‌ನಿಂದ ಮೇ ತಿಂಗಳ ನಡುವೆ ಗೇಣುದ್ದದ ಗೊಂಚಲುಗಳು ಜೋಲುತ್ತವೆ. ಹೊನ್ನಿನ ಹಳದಿಯ ಅಗಲವಾದ ತುಟಿದಳ, ಅದರ ಒಳಗೆ ಗಾಢವಾಗುವ ಕಿತ್ತಳೆ ಛಾಯೆ, ಹತ್ತಿರ ಹೋದರೆ ಜೇನಿನ ಕಂಪು. ಹೂವು ಒಂದೆರಡು ವಾರ ಮಾತ್ರ ನಿಲ್ಲುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು.

ನನಗೆ ಬಂದ ಗಿಡವನ್ನು ಒರಟು ಮರದ ಹಲಗೆಗೆ ಕಟ್ಟಲಾಗಿತ್ತು, ಬೇರಿನ ತುದಿಗಳು ಹಸಿರಾಗಿದ್ದವು, ಕೀಟಗಳ ಸುಳಿವಿರಲಿಲ್ಲ. ಚೀಟಿಯ ಮೇಲಿದ್ದ ಹೆಸರು ಡೆಂಡ್ರೋಬಿಯಂ ಅಗ್ರಿಗೇಟಮ್. ಅದು ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಇಟ್ಟ ಹಳೆಯ ಹೆಸರು. ಅದೇ ಹೆಸರು ಅದಕ್ಕೂ ಮೊದಲೇ ಬೇರೊಂದು ಗಿಡಕ್ಕೆ ಸಂದಿದ್ದರಿಂದ 1840ರಲ್ಲಿ ಈಗಿನ ಹೆಸರು ಬಂತು. ಆದ್ದರಿಂದ ಈ ವಿಷಯದಲ್ಲಿ ಗಾಬರಿ ಬೇಡ. ಎಚ್ಚರ ಬೇಕಾದದ್ದು ಇದನ್ನೇ ಹೋಲುವ ಡೆಂಡ್ರೋಬಿಯಂ ಜೆಂಕಿನ್ಸಿಯ ಬಗ್ಗೆ. ಅದು ಇನ್ನೂ ಕುಳ್ಳು, ಒಂದು ಕಡ್ಡಿಗೆ ಒಂದರಿಂದ ಮೂರು ಹೂವು ಮಾತ್ರ. ಹೂವಿಲ್ಲದಾಗ ಎರಡನ್ನೂ ಅದಲುಬದಲು ಮಾಡಿ ಮಾರುವುದು ಸುಲಭ.

ಇನ್ನು ಚೀಟಿಯ ವಿಷಯ. 'ನೆರಳಿನಲ್ಲಿಡಿ, ವರ್ಷವಿಡೀ ದಿನವೂ ನೀರು ಹಾಕಿ' ಎಂದು ಅದರಲ್ಲಿದೆ. ಈ ಗಿಡದ ತವರಿನಲ್ಲಿ ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಒಣಹವೆ ಇರುತ್ತದೆ. ಮಳೆಯಲ್ಲಿ ಬೆಳೆದ ಕಾಂಡ ಆ ಬರಗಾಲದಲ್ಲಿ ಬಲಿತು, ಬೇಸಿಗೆಯ ಮುನ್ನ ಮೊಗ್ಗು ಕಟ್ಟುತ್ತದೆ. ಆದ್ದರಿಂದ ನವೆಂಬರ್ ನಡುವಿನಿಂದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ, ನೀರನ್ನು ವಾರ ಹತ್ತು ದಿನಕ್ಕೊಮ್ಮೆ ಬೆಳಗಿನ ತೆಳು ಸಿಂಪರಣೆಗೆ ಇಳಿಸಬೇಕು. ಕಾಂಡಗಳು ಸುಕ್ಕುಗಟ್ಟುತ್ತವೆ. ಅದನ್ನು ಕಂಡು ಕರುಣೆಯಿಂದ ನೀರೆರೆಯುವುದೇ ಹೂವಿಗೆ ಅಡ್ಡಿ. ಮೊಗ್ಗಿನ ಕಡ್ಡಿ ಸ್ಪಷ್ಟವಾಗಿ ಕಂಡ ಮೇಲೆ ನೀರನ್ನು ಹಂತಹಂತವಾಗಿ ಹೆಚ್ಚಿಸಿದರೆ ಸುಕ್ಕು ತಾನಾಗಿಯೇ ತುಂಬಿಕೊಳ್ಳುತ್ತದೆ. ಬೆಂಗಳೂರು, ಮೈಸೂರು, ಶಿವಮೊಗ್ಗಗಳ ಚಳಿಗಾಲ ಈ ಕ್ರಮಕ್ಕೆ ಬಹಳ ಅನುಕೂಲ. ಸೆಕೆ ಕಡಿಮೆಯಾಗದ ಕರಾವಳಿಯವರು ಒಣ ಅವಧಿಯನ್ನು ಇನ್ನಷ್ಟು ನಿಷ್ಠೆಯಿಂದ ಪಾಲಿಸಬೇಕು.

ನೆರಳಿನ ಸಲಹೆಯೂ ಸರಿಯಲ್ಲ. ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ನೇರವಾಗಿ ಬಿದ್ದರೆ ಒಳ್ಳೆಯದು, ಮಧ್ಯಾಹ್ನದ ಬಿಸಿಲಿಗೆ ಮಾತ್ರ ನೆರಳುಪರದೆ ಬೇಕು. ಬೇಸಿಗೆಯಲ್ಲಿಯೂ ಮಳೆಗಾಲದ ಮಳೆ ಬಾರದ ದಿನಗಳಲ್ಲಿಯೂ ಹಲಗೆಯ ಗಿಡಕ್ಕೆ ದಿನವೂ ನೀರು ಬೇಕಾಗುತ್ತದೆ, ಏಕೆಂದರೆ ಬೇರಿನ ಮೇಲಿನ ಸ್ಪಂಜಿನಂಥ ಬಿಳಿ ಪದರ ಬೇಗ ಹೀರಿ ಬೇಗ ಒಣಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಬೇರಿನ ಮೇಲೆ ಉಪ್ಪಿನ ಪದರ ಬಿಡುವುದರಿಂದ, ಹಿಡಿದಿಟ್ಟ ಮಳೆನೀರು ಸಿಕ್ಕಿದರೆ ಅದೇ ಶ್ರೇಷ್ಠ. ಹೊಸ ಚಿಗುರು ಬೆಳೆಯುವ ತಿಂಗಳುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ 19:19:19 ಗೊಬ್ಬರವನ್ನು ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಸಿಂಪಡಿಸಿದರೆ ಸಾಕು. ಹಳೆಯ ಕಾಂಡಗಳನ್ನು ಕತ್ತರಿಸಬಾರದು, ಅವು ಮುಂದಿನ ವರ್ಷಗಳಲ್ಲಿಯೂ ಹೂಬಿಡುತ್ತವೆ. ಗಿಡವನ್ನು ಪದೇಪದೇ ಜಾಗ ಬದಲಿಸಿ ಕಟ್ಟುವುದೂ ಇದಕ್ಕೆ ಹಿಡಿಸದು.

ಇದೇ ಗಿಡ ತೆಂಗಿನ ನಾರು ತುಂಬಿದ ಪ್ಲಾಸ್ಟಿಕ್ ಕುಂಡದಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ. ನಾರು ಮಳೆಗಾಲದಲ್ಲಿ ತೇವ ಹಿಡಿದಿಟ್ಟು ಬೇರನ್ನು ಕೊಳೆಸುವುದರಿಂದ ನಾನು ಅದನ್ನು ಶಿಫಾರಸು ಮಾಡಲಾರೆ. ಬೆಲೆ ಹೆಚ್ಚಾದರೂ ಹಲಗೆಯದನ್ನೇ ಕೊಳ್ಳಿರಿ. ಕಾಡಿನಿಂದ ಕಿತ್ತು ತಂದದ್ದೇ, ನರ್ಸರಿಯಲ್ಲಿ ಬೆಳೆಸಿದ್ದೇ ಎಂದು ಮಾರುವವರನ್ನು ತಪ್ಪದೆ ಕೇಳಬೇಕು. ತುಂಡಾದ ಬೇರುಗಳು, ಕಾಡುತೊಗಟೆಯ ಚೂರುಗಳು, ಹರಿದ ಎಲೆಗಳು ಕಂಡರೆ ಅಂಥದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಹೊಸ ಬೇರು ಹೊರಡುವ ಮುಂಗಾರಿನ ಆರಂಭದಲ್ಲಿ ತರಿಸಿಕೊಂಡ ಗಿಡ ಹಲಗೆಯನ್ನು ಬೇಗ ಹಿಡಿಯುತ್ತದೆ.