ಕನ್ನಡಿಗಿಂತ ಮೊದಲು ನೆಲ: ಡಾನ್ಸ್ ಕ್ಲಾಸಿಗೆ ಹಾಕಿಸಿದ ಮರದ ಫ್ಲೋರು ಹೇಗಿದೆ?

ಸ್ವಂತ ಭರತನಾಟ್ಯ ಕ್ಲಾಸ್ ತೆರೆಯಬೇಕು ಅಂತಿರುವ ಟೀಚರ್‌ಗಳು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಆಮೇಲೆ ಅಡ್ವಾನ್ಸ್, ಫೀಸು, ಎಷ್ಟು ಮಕ್ಕಳು ಬರ್ತಾರೆ ಅಂತ. ನೆಲದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಕೈಯಲ್ಲಿದ್ದ ದುಡ್ಡಿನಲ್ಲಿ ದೊಡ್ಡ ಪಾಲು ಸುರಿದಿದ್ದು ನೆಲಕ್ಕೆ. ಅದರ ಮೇಲೆ ಒಂದು ವರ್ಷ ಪಾಠ ಮಾಡಿದ್ದೇನೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಅದಕ್ಕೂ ಮುಂಚೆ ನಾನು ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಡಾನ್ಸ್ ಟೀಚರ್. ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತು. ಆದರೆ ವಾರ್ಷಿಕೋತ್ಸವಕ್ಕೆ ಒಂದು ಹಾಡು, ಆಗಸ್ಟ್ 15ಕ್ಕೆ ಇನ್ನೊಂದು ಹಾಡು ಅಷ್ಟೇ. ತಟ್ಟಡವು, ಅಂದರೆ ಕಾಲು ತಟ್ಟುವ ಮೊದಲ ಪಾಠ, ಕಲಿಸಲು ಪುರುಸೊತ್ತೇ ಇರಲಿಲ್ಲ. ಅಭ್ಯಾಸ ಮಾಡಿಸುತ್ತಿದ್ದದ್ದು ಗ್ರಾನೈಟ್ ಹಾಕಿದ ಹಾಲ್‌ನಲ್ಲಿ. ಅರ್ಧ ಗಂಟೆ ಕಳೆಯುವುದರೊಳಗೆ ಎರಡು ಮೂರು ಹುಡುಗಿಯರು ಗೋಡೆಗೆ ಒರಗಿ ಕೂತು ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದರು. "ಮಿಸ್, ಇಲ್ಲಿ ನೋವು" ಅನ್ನುತ್ತಿದ್ದ ಜಾಗ ಎಲ್ಲರದ್ದೂ ಒಂದೇ. ಬರಿಗಾಲಿನಲ್ಲಿ, ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಹೊರಕ್ಕೆ ಮಡಚಿ ಅರ್ಧ ಕೂತು, ಕಲ್ಲಿನ ಮೇಲೆ ಮತ್ತೆ ಮತ್ತೆ ತಟ್ಟಿದರೆ ಆ ಪೆಟ್ಟು ಎಲ್ಲಿಗೆ ಹೋಗಬೇಕು ಹೇಳಿ? ಕಲ್ಲು ಅದನ್ನು ತೆಗೆದುಕೊಳ್ಳುವುದಿಲ್ಲ. ಕಾಲೇ ತೆಗೆದುಕೊಳ್ಳಬೇಕು. ಆ ಕೆಲಸ ಬಿಡುವಾಗಲೇ ಮನಸ್ಸಿನಲ್ಲಿ ಒಂದು ಗಟ್ಟಿ ಮಾಡಿಕೊಂಡಿದ್ದೆ, ನನ್ನ ಕ್ಲಾಸಿನಲ್ಲಿ ಮಕ್ಕಳು ಕಲ್ಲಿನ ಮೇಲೆ ಕುಣಿಯಬಾರದು ಅಂತ.

ಚೀಟಿ ಎತ್ತಿದ ದುಡ್ಡು 3 ಲಕ್ಷ ಇತ್ತು. ಕುವೆಂಪುನಗರದಲ್ಲಿ ಒಂದು ಮನೆಯ ಮೊದಲ ಮಹಡಿ ಸಿಕ್ಕಿತು. ಬಾಡಿಗೆ 14 ಸಾವಿರ. ಹತ್ತು ತಿಂಗಳ ಅಡ್ವಾನ್ಸ್ ಅಂತ 1 ಲಕ್ಷ 40 ಸಾವಿರ ಹೋಯಿತು. ಉಳಿದದ್ದರಲ್ಲಿ ಏನು ಮಾಡಬೇಕು ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಗೋಡೆ ತುಂಬ ಕನ್ನಡಿ ಹಾಕಿಸು, ಬೋರ್ಡಿಗೆ ಲೈಟ್ ಹಾಕಿಸು, ಅಪ್ಪ ಅಮ್ಮಂದಿರು ನೋಡುವುದೇ ಅದನ್ನ ಅಂದರು ಎಲ್ಲರೂ. ನಾನು ಬಡಗಿಯನ್ನು ಕರೆಸಿದೆ.

ಹಾಲ್ 22 ಅಡಿ ಉದ್ದ, 16 ಅಡಿ ಅಗಲ. ರೆಡಿಮೇಡ್ ಡಾನ್ಸ್ ಫ್ಲೋರುಗಳು ಸಿಗುತ್ತವೆ, ಆದರೆ ಆ ಬೆಲೆ ನನ್ನಂಥವರಿಗೆ ಎಟುಕುವುದಿಲ್ಲ. ಬ್ಯಾಲೆಯವರು ಬಳಸುವ ವಿನೈಲ್ ಹಾಸು ಚೆನ್ನಾಗಿದೆ, ಅದು ಶೂ ಹಾಕಿಕೊಂಡು ಕುಣಿಯುವವರಿಗೆ. ನಮ್ಮ ಬೆವರಿದ ಬರಿಗಾಲು ಅದಕ್ಕೆ ಅಂಟಿಕೊಂಡ ಹಾಗಾಗುತ್ತದೆ. ಮನೆಗಳಿಗೆ ಹಾಕುವ ಲ್ಯಾಮಿನೇಟ್ ಮರದ ಹಾಗೆ ಕಾಣುತ್ತದೆ ಅಷ್ಟೇ, ಬೆವರು ಬಿದ್ದರೆ ಜಾರುತ್ತದೆ. ಕೊನೆಗೆ ಒಪ್ಪಿಕೊಂಡಿದ್ದು ಇದು: ಟೈಲ್ಸ್ ಮೇಲೆ ದಪ್ಪ ರಬ್ಬರ್ ತುಂಡುಗಳು, ಅದರ ಮೇಲೆ ಅಡಿಗೊಂದರಂತೆ ಮರದ ರೀಪು (ಉದ್ದನೆಯ ಪಟ್ಟಿ), ಅದರ ಮೇಲೆ 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ಎರಡು ಪದರ. ಮೇಲಿನ ಪದರದ ಸಂದು ಕೆಳಗಿನ ಪದರದ ಸಂದಿನ ಮೇಲೆ ಬರಬಾರದು. ಮೊಳೆ ಇಲ್ಲ, ಎಲ್ಲ ಸ್ಕ್ರೂ. ಸ್ಕ್ರೂ ತಲೆಗಳು ಒಳಗೆ ಇಳಿದು ಮೇಲೆ ಪುಟ್ಟಿ. ಕೊನೆಗೆ ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಪಾಲಿಶ್.

ಬಡಗಿ ಮೇಸ್ತ್ರಿಗೆ ಮೊದಲು ನನ್ನ ಮಾತು ಅರ್ಥವೇ ಆಗಲಿಲ್ಲ. "ಮೇಡಂ, ನೆಲಕ್ಕೆ ಯಾರಾದ್ರೂ ರಬ್ಬರ್ ಕೊಡ್ತಾರಾ? ಅಲ್ಲಾಡುತ್ತೆ" ಅಂದರು. ಅಲ್ಲಾಡಬೇಕು, ಆದರೆ ಕಾಣಬಾರದು ಅಂದೆ. ಒಂದು ತುಂಡು ಪ್ಲೈ ಕೆಳಗೆ ರಬ್ಬರ್ ಇಟ್ಟು, ಅದರ ಮೇಲೆ ನಿಂತು ತಟ್ಟಿ ತೋರಿಸಿದೆ. ಅವರೂ ಚಪ್ಪಲಿ ಬಿಟ್ಟು ಹತ್ತಿ ನಾಲ್ಕು ಸಲ ತಟ್ಟಿದರು. ಆಮೇಲೆ ಪಕ್ಕದ ಟೈಲ್ಸ್ ಮೇಲೆ ತಟ್ಟಿದರು. ಅಲ್ಲಿಂದ ಮುಂದೆ ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಅವರ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗಿದ್ದು ಮಟ್ಟ. ಹಾಲ್‌ನ ಒಂದು ಭಾಗ ಮೊದಲು ಬಾಲ್ಕನಿ ಆಗಿತ್ತಂತೆ, ನೀರು ಹರಿಯಲಿ ಅಂತ ಆ ಕಡೆ ಇಳಿಜಾರು ಕೊಟ್ಟಿದ್ದರು. ನಡೆಯುವಾಗ ಗೊತ್ತಾಗುವುದಿಲ್ಲ, ಒಂದೇ ಕಾಲ ಮೇಲೆ ನಿಂತರೆ ಗೊತ್ತಾಗುತ್ತದೆ. ಮೇಸ್ತ್ರಿ ಪ್ರತಿ ರೀಪಿನ ಮೇಲೂ ಮಟ್ಟ ನೋಡುವ ರಸಮಟ್ಟ ಇಟ್ಟು, ತಗ್ಗಿದ್ದ ಕಡೆ ಪ್ಲೈ ಚೂರು ಕೊಟ್ಟು ಎತ್ತರಿಸಿದರು. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ರಂಗದ ನೆಲ ಆಮೆಯ ಬೆನ್ನಿನ ಹಾಗೂ ಇರಬಾರದು, ಮೀನಿನ ಬೆನ್ನಿನ ಹಾಗೂ ಇರಬಾರದು, ಕನ್ನಡಿಯ ಹಾಗೆ ಸಮವಾಗಿರಬೇಕು ಅಂತ ಇದೆ. ನೃತ್ಯದ ವಿದ್ವತ್ ಪರೀಕ್ಷೆಗೆ ಓದುವಾಗ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಾಗ ಮೇಸ್ತ್ರಿಗೂ ಹೇಳಿದೆ. ತುಂಬ ಖುಷಿಪಟ್ಟರು.

ಈಗ ಉಪಯೋಗದ ವಿಷಯಕ್ಕೆ ಬರುತ್ತೇನೆ. ಕಾಲುನೋವಿನ ದೂರು ಸ್ಪಷ್ಟವಾಗಿ ಕಡಿಮೆಯಾಗಿದೆ. ಒಂದು ಗಂಟೆ ಕ್ಲಾಸ್ ಆದಮೇಲೂ ಮಕ್ಕಳು ಮೆಟ್ಟಿಲು ಇಳಿಯುವಾಗ ಓಡಿಕೊಂಡೇ ಇಳಿಯುತ್ತಾರೆ. ನನ್ನ ಮೊಣಕಾಲಿಗೂ ಹಿತವಾಗಿದೆ. ದಿನಕ್ಕೆ ಮೂರು ಬ್ಯಾಚ್ ಕಲಿಸುವವಳಿಗೆ ಇದು ಸಣ್ಣ ಮಾತಲ್ಲ. ಹಾಗಂತ ಮರದ ನೆಲ ಇದೆ ಅಂತ ಮೈ ಬಿಸಿ ಮಾಡಿಸದೆ ನೇರವಾಗಿ ಮೂರನೇ ಕಾಲಕ್ಕೆ, ಅಂದರೆ ಅತಿ ವೇಗದ ಲಯಕ್ಕೆ, ಓಡಿಸುವ ಹಾಗಿಲ್ಲ, ಅಲ್ವಾ?

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಅದು ಶಬ್ದ. ಗ್ರಾನೈಟ್ ಮೇಲೆ ಎಲ್ಲ ಕಾಲೂ ಒಂದೇ ಥರ ಚಟ್ ಅನ್ನುತ್ತದೆ. ಇಲ್ಲಿ ಪಾದ ಪೂರ್ತಿ ಒಟ್ಟಿಗೆ ಬಿದ್ದರೆ ಧಬ್ ಅಂತ ಒಂದೇ ಸದ್ದು. ಹಿಮ್ಮಡಿ ಚೂರು ತಡವಾಗಿ ಬಿದ್ದರೆ ಎರಡು ಸದ್ದು. ನಾನು ತಾಳ ತಟ್ಟುತ್ತಾ ಕೂತಲ್ಲಿಂದಲೇ, ತಲೆ ಎತ್ತದೆ, ಎರಡನೇ ಸಾಲಿನಲ್ಲಿ ಯಾರದ್ದು ಪಾದ ಸೊಟ್ಟ ಬೀಳುತ್ತಿದೆ ಅಂತ ಹೇಳಬಲ್ಲೆ. ಕನ್ನಡಿ ಇಷ್ಟು ಕಲಿಸುತ್ತಿರಲಿಲ್ಲ. ಚಿಕ್ಕ ಮಕ್ಕಳಿಗೂ ಅದು ಕೇಳಿಸುತ್ತದೆ, "ನಂದು ಒಂದೇ ಸೌಂಡ್ ಬಂತು ಮಿಸ್" ಅಂತ ತಾವೇ ತಿದ್ದಿಕೊಳ್ಳುತ್ತಾರೆ.

ಅಭಿನಯದ ಪಾಠಕ್ಕೂ ಈ ನೆಲ ಒಗ್ಗಿದೆ. ನಮ್ಮ ಮೈಸೂರು ಶೈಲಿಯಲ್ಲಿ ಕೂತು ಅಭಿನಯ ಮಾಡುವ ಸಂಪ್ರದಾಯ ಇದೆ. ಜಟ್ಟಿ ತಾಯಮ್ಮನವರು, ಅವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷ್ಮಮ್ಮನವರು ಬೆಳೆಸಿದ ದಾರಿ ಅದು. ಒಂದು ಜಾವಳಿಯ, ಅಂದರೆ ಶೃಂಗಾರದ ಹಾಡಿನ, ಒಂದೇ ಸಾಲಿಗೆ ಹತ್ತು ಥರ ಸಂಚಾರಿ (ಅದೇ ಸಾಲನ್ನು ಬೇರೆ ಬೇರೆ ರೀತಿ ಅಭಿನಯಿಸಿ ತೋರಿಸುವುದು) ಯೋಚಿಸುತ್ತಾ ಕೂತರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ. ಧನುರ್ಮಾಸದ ಚಳಿಯಲ್ಲಿ ಟೈಲ್ಸ್ ಮೇಲೆ ಹಾಗೆ ಕೂರಲು ಆಗುತ್ತದಾ? ಮರದ ಮೇಲೆ ಆರಾಮಾಗಿ ಕೂರಬಹುದು.

ಇನ್ನು ತೊಂದರೆಗಳು. ಮೊದಲನೆಯದು ಕೆಳಗಿನ ಮನೆ. ಓನರ್ ಅಂಕಲ್, ಆಂಟಿ ಇಬ್ಬರೇ ಇರುವುದು. ಮೊದಲ ವಾರವೇ ಆಂಟಿ ಮೇಲೆ ಬಂದು, "ತಪ್ಪು ತಿಳ್ಕೋಬೇಡಮ್ಮ, ದೇವರ ಮುಂದೆ ದೀಪ ಹಚ್ಚೋ ಹೊತ್ತಿಗೆ ತಲೆ ಮೇಲೆ ಡೊಳ್ಳು ಬಾರಿಸಿದ ಹಾಗಾಗುತ್ತೆ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ರೀಪುಗಳ ನಡುವೆ ಖಾಲಿ ಜಾಗ ಇರುವುದರಿಂದ ಪೆಟ್ಟು ಬಿದ್ದಾಗ ಒಳಗಿನ ಗಾಳಿ ಗುಂಯ್ ಅನ್ನುತ್ತದೆ. ಮೇಸ್ತ್ರಿ ಬಂದು ಪ್ಲೈ ಬಿಚ್ಚಿ, ಆ ಸಂದುಗಳಲ್ಲಿ ತೆಂಗಿನ ನಾರಿನ ಹಾಸು ತುಂಬಿಸಿ ಮತ್ತೆ ಸ್ಕ್ರೂ ಹಾಕಿದರು. ಗುಂಯ್ ಹೋಯಿತು. ಸದ್ದು ಪೂರ್ತಿ ಹೋಗಿಲ್ಲ, ಆದರೆ ಆಂಟಿ ಈಗ ಮೊಮ್ಮಗಳನ್ನೇ ಕ್ಲಾಸಿಗೆ ಕಳಿಸುತ್ತಿದ್ದಾರೆ. ನೀವು ಮಾಡಿಸುವುದಾದರೆ ಈ ಹಾಸನ್ನು ಮೊದಲೇ ತುಂಬಿಸಿಬಿಡಿ.

ಎರಡನೆಯದು, ನೆಲ ಎರಡೂವರೆ ಇಂಚು ಮೇಲೆ ಬಂತು. ಬಾಗಿಲ ಕೆಳಭಾಗ ಕೊಯ್ಯಬೇಕಾಯಿತು, ಓನರ್ ಒಪ್ಪಿಗೆ ಇಲ್ಲದೆ ಅದು ಆಗದು. ಹೊಸ್ತಿಲ ಹತ್ತಿರ ಹಳದಿ ಟೇಪ್ ಅಂಟಿಸಿದ್ದೇನೆ, ಇಲ್ಲದಿದ್ದರೆ ದೊಡ್ಡವರೇ ಎಡವುತ್ತಾರೆ. ಮೂರನೆಯದು, ಜುಲೈ ಮಳೆಗೆ ಬಾಗಿಲ ಪಕ್ಕದ ಒಂದು ಪ್ಲೈ ಹಾಳೆ ಉಬ್ಬಿ ಅಂಚು ಎದ್ದಿತು. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಅದಕ್ಕೆ ಗೋಡೆಯ ಸುತ್ತ ಅರ್ಧ ಇಂಚು ಜಾಗ ಬಿಡಬೇಕು. ಮೂರು ಕಡೆ ಬಿಟ್ಟಿದ್ದರು, ಆ ಮೂಲೆಯಲ್ಲಿ ಮಾತ್ರ ಗೋಡೆಗೆ ತಾಗಿಸಿದ್ದರು. ಫೋನ್ ಮಾಡಿದರೆ "ನಾಳೆ ಬರ್ತೀನಿ ಮೇಡಂ" ಅನ್ನುತ್ತಲೇ ಗಣೇಶನ ಹಬ್ಬ ಕಳೆಯಿತು. ಬಂದಮೇಲೆ ದುಡ್ಡು ಕೇಳದೆ ಸರಿಮಾಡಿಕೊಟ್ಟರು. ಆದರೂ ಆ ಜಾಗ ಈಗಲೂ ಕಿರ್ ಅನ್ನುತ್ತದೆ. ಆ ತಡ, ಈ ಕಿರ್ ಸದ್ದು, ಈ ಎರಡಕ್ಕೇ ನಾನು ಒಂದು ಮಾರ್ಕ್ ಕಡಿಮೆ ಕೊಡುವುದು. ಐದಕ್ಕೆ ನಾಲ್ಕು.

ಖರ್ಚು ಒಟ್ಟು 1 ಲಕ್ಷ 30 ಸಾವಿರ. ಚದರಡಿಗೆ 370 ರೂಪಾಯಿ ಹತ್ತಿರ. ಅದರಲ್ಲಿ ಅರ್ಧದಷ್ಟು ಪ್ಲೈವುಡ್‌ಗೇ ಹೋಯಿತು, 24 ಹಾಳೆ ಬೇಕಾಯಿತು. ಅಲ್ಲಿ ಮಾತ್ರ ಚೌಕಾಸಿ ಮಾಡಿ ಅಗ್ಗದ ಮಾಲು ತರಬೇಡಿ, ಪದರ ಬಿಟ್ಟುಕೊಂಡರೆ ಮಗುವಿನ ಕಾಲಿಗೆ ಸಿಬರು ಚುಚ್ಚುತ್ತದೆ. ಉಳಿದ 30 ಸಾವಿರದಲ್ಲಿ ಸ್ಪೀಕರ್, ಎರಡು ಫ್ಯಾನ್, ನಟರಾಜನ ವಿಗ್ರಹ, ಚಪ್ಪಲಿ ಸ್ಟ್ಯಾಂಡ್ ಬಂತು. ಕನ್ನಡಿ ಹಾಕಿಸಿದ್ದು ಆರು ತಿಂಗಳಾದ ಮೇಲೆ, ಫೀಸಿನ ದುಡ್ಡಿನಲ್ಲಿ. ಕನ್ನಡಿ ಇಲ್ಲ ಅಂತ ಯಾವ ಮಗುವೂ ಬಿಟ್ಟುಹೋಗಲಿಲ್ಲ. ಪೋಷಕರು ಕೇಳುವುದು ನೃತ್ಯದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರಿಸುತ್ತೀರಾ ಅಂತ ಮಾತ್ರ.

ಬಾಡಿಗೆ ಕಟ್ಟಡಕ್ಕೆ ಇಷ್ಟು ಸುರಿಯುವುದಾ ಅಂತ ನೀವು ಕೇಳಬಹುದು. ನಮ್ಮ ಅಗ್ರಿಮೆಂಟೂ 11 ತಿಂಗಳದ್ದೇ, ಒಮ್ಮೆ ಹೊಸದು ಮಾಡಿಕೊಂಡಿದ್ದೇವೆ. ಓನರ್ ಟೈಲ್ಸ್‌ಗೆ ಒಂದು ತೂತೂ ಹೊಡೆದಿಲ್ಲ, ನೆಲ ರಬ್ಬರ್ ಮೇಲೆ ಸುಮ್ಮನೆ ಕೂತಿದೆ. ಖಾಲಿ ಮಾಡುವ ದಿನ ಬಂದರೆ ಸ್ಕ್ರೂ ಬಿಚ್ಚಿ ಟೆಂಪೋಗೆ ಹಾಕಿಕೊಂಡು ಹೋಗಬಹುದು. ಮಾಡಿಸುವವರು ಪ್ರತಿ ಹಾಳೆಯ ಹಿಂದೆ ಮಾರ್ಕರ್‌ನಿಂದ ನಂಬರ್ ಬರೆಸಿಕೊಳ್ಳಿ. ಒರೆಸಲು ಹಿಂಡಿದ ಒದ್ದೆ ಬಟ್ಟೆ ಸಾಕು. ಎಣ್ಣೆ, ಮೇಣ, ಫಿನೈಲ್ ಯಾವುದೂ ಬೇಡ, ಜಾರುತ್ತದೆ. ಪಾಲಿಶ್ ಸವೆಯುವುದು ಮುಂದಿನ ಸಾಲಿನಲ್ಲಿ ಮಕ್ಕಳು ನಿಲ್ಲುವ ಜಾಗದಲ್ಲಿ. ಅಲ್ಲಿಗೆ ಇನ್ನೊಂದು ಕೋಟ್ ಬೇಕು, ಒಣಗಲು ಬಿಡುವು ಬೇಕಲ್ಲ, ದಸರಾ ರಜೆಗೆ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.