ಲಿಬ್ರೆ ಆಫೀಸ್ ರೈಟರ್: ಒಂಬತ್ತು ವರ್ಷದ ಬಳಕೆ, ಮತ್ತು ಫೈಲ್ ಲಾಕ್ ಆದ ಆ ಸಂಜೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಸಹಾಯಕ್ಕೆ ಒಬ್ಬಳು ಹುಡುಗಿ. ಅರ್ಜಿ, ಕರಾರು ಪತ್ರ, ಸಂಘದ ವಾರ್ಷಿಕ ವರದಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರ ಪ್ರಬಂಧ, ಎಲ್ಲವೂ ಬರುತ್ತವೆ. ಒಂಬತ್ತು ವರ್ಷದಿಂದ ಇದಕ್ಕೆಲ್ಲ ಲಿಬ್ರೆ ಆಫೀಸ್ ರೈಟರ್ ಅನ್ನುವ ಟೈಪಿಂಗ್ ತಂತ್ರಾಂಶವನ್ನೇ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ ಅನ್ನುವುದೇ ಮೊದಲ ಕಾರಣ. ಆದರೆ ಈಗ ಯಾರಾದರೂ ಬೇರೆಯದನ್ನು ಪುಕ್ಕಟೆ ಕೊಟ್ಟರೂ ನಾನು ಬದಲಾಯಿಸುವುದಿಲ್ಲ. ಅದಕ್ಕೆ ಕಾರಣ ಎರಡು ವರ್ಷದ ಹಿಂದಿನ ಜೂನ್ ತಿಂಗಳ ಒಂದು ಸಂಜೆ.

ಮಳೆಗಾಲ ಶುರುವಾಗಿತ್ತು. ಒಬ್ಬ ಹುಡುಗನ ಪ್ರಬಂಧ, 212 ಪುಟ, ಮಾರನೇ ದಿನ ಬೈಂಡಿಂಗ್‌ಗೆ ಹೋಗಬೇಕಿತ್ತು. ನಮ್ಮಲ್ಲಿ ಫೈಲುಗಳೆಲ್ಲ ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿರುತ್ತವೆ, ಹುಡುಗಿ ತನ್ನ ಕಂಪ್ಯೂಟರಿನಿಂದ ಅದನ್ನೇ ತೆರೆದು ಟೈಪ್ ಮಾಡುತ್ತಾಳೆ. ಐದೂವರೆ ಹೊತ್ತಿಗೆ ಒಂದು ಸಿಡಿಲು ಹೊಡೆಯಿತು ನೋಡಿ, ಇಡೀ ಬೀದಿಗೇ ಕರೆಂಟ್ ಹೋಯಿತು. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂದಾಗ ನನ್ನ ಕಂಪ್ಯೂಟರ್ ಎದ್ದಿತು, ಅವಳದ್ದು ಏಳಲಿಲ್ಲ. ಒಳಗೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಸುಟ್ಟು ಹೋಗಿತ್ತು. ಮಲೆನಾಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದೇನು ಹೊಸದಲ್ಲ ಅಲ್ವಾ. ಸರಿ, ನನ್ನದರಲ್ಲೇ ಮುಗಿಸೋಣ ಅಂತ ಫೈಲ್ ಮೇಲೆ ಒತ್ತಿದೆ. ಒಂದು ಚೌಕ ಎದ್ದು ಬಂತು. ಫೈಲ್ ಲಾಕ್ ಆಗಿದೆ, ಅದನ್ನು ತಿದ್ದುತ್ತಿರುವವರು ‘ಅನ್‌ನೋನ್ ಯೂಸರ್’ ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಕೆಳಗೆ ರೀಡ್ ಓನ್ಲಿ ತೆರೆಯಿರಿ, ಕಾಪಿ ತೆರೆಯಿರಿ ಅನ್ನುವ ಬಟನ್‌ಗಳು.

ನಾನು ಯಾವುದನ್ನೂ ಒತ್ತಲಿಲ್ಲ. ಯಾರೋ ಹೊರಗಿನವರು ಫೈಲಿಗೆ ಕೈ ಹಾಕಿದ್ದಾರೆ ಅಂತಲೇ ಅನಿಸಿತು. ಪಕ್ಕದಲ್ಲಿ ನಿಂತಿದ್ದ ಹುಡುಗ "ಎಂತ ಆಯ್ತು ಅಕ್ಕಾ? ಹೋಯ್ತಾ?" ಅಂತ ಕೇಳಿದ. ಅವನ ಮುಖ ಬಿಳಿಚಿಕೊಂಡಿತ್ತು. ನಾಲ್ಕು ವರ್ಷದ ಕೆಲಸ ಅವನದು. ಅವನಿಗೆ ಕುರ್ಚಿ ಕೊಟ್ಟು, ಮೊಬೈಲ್ ನೆಟ್‌ನಲ್ಲಿ ಸಹಾಯ ಕೇಳಿ ಬರೆದೆ. ನನ್ನ ಫೈಲ್ ಲಾಕ್ ಆಗಿದೆ, ಅರ್ಜೆಂಟ್, ದಯವಿಟ್ಟು ಬಿಡಿಸಿಕೊಡಿ. ಅಷ್ಟೇ ಬರೆದದ್ದು.

ಉತ್ತರ ಬೇಗ ಬಂತು, ಆದರೆ ಅದೂ ಪ್ರಶ್ನೆಯೇ ಆಗಿತ್ತು. ಯಾವ ಲಾಕ್? ತೆರೆಯಲು ಪಾಸ್‌ವರ್ಡ್ ಕೇಳುತ್ತಿದೆಯಾ, ತೆರೆದ ಮೇಲೆ ತಿದ್ದಲು ಬಿಡುತ್ತಿಲ್ಲವಾ, ಬೇರೆಯವರು ತೆರೆದಿದ್ದಾರೆ ಅನ್ನುತ್ತಿದೆಯಾ? ಪರದೆ ಮೇಲಿನ ಮಾತನ್ನು ಇದ್ದ ಹಾಗೇ ಬರೆಯಿರಿ, ಫೈಲ್ ಓಡಿಟಿಯೋ (ರೈಟರಿನದೇ ಬಗೆ) ಡಾಕ್ಸೋ (ಮೈಕ್ರೋಸಾಫ್ಟ್ ವರ್ಡಿನ ಬಗೆ) ಹೇಳಿ. ಆ ಕ್ಷಣಕ್ಕೆ ಸಿಟ್ಟು ಬಂತು. ಈಗ ಯೋಚಿಸಿದರೆ ಆ ಒಂದು ಪ್ರಶ್ನೆಯೇ ನನಗೆ ಸಿಕ್ಕ ದೊಡ್ಡ ಸಹಾಯ. ನಾವೆಲ್ಲ ಎಲ್ಲದಕ್ಕೂ ‘ಲಾಕ್’ ಅಂದುಬಿಡುತ್ತೇವೆ. ಆದರೆ ಆ ಮೂರೂ ಬೇರೆ ಬೇರೆ ಬೀಗ, ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ.

ಮಾತನ್ನು ಹಾಗೇ ಬರೆದು ಕಳಿಸಿದೆ. ಆಗ ವಿಷಯ ಗೊತ್ತಾಯಿತು. ರೈಟರ್ ಒಂದು ಫೈಲ್ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಇನ್ನೊಂದು ಚಿಕ್ಕ ಫೈಲ್ ಇಡುತ್ತದೆ. ಹೆಸರು ಚುಕ್ಕೆಯಿಂದ ಶುರು, ಆಮೇಲೆ ಅಲೆಯಂಥ ಒಂದು ಗೆರೆ, ‘ಲಾಕ್’ ಅನ್ನುವ ಪದ, ಮತ್ತೆ ಚುಕ್ಕೆ, ನಮ್ಮ ಫೈಲಿನ ಪೂರ್ತಿ ಹೆಸರು, ಕೊನೆಗೆ ಹ್ಯಾಶ್ ಗುರುತು. ಫೈಲ್ ಮುಚ್ಚಿದಾಗ ಅದನ್ನು ತಾನೇ ಅಳಿಸುತ್ತದೆ. ಇಬ್ಬರು ಒಂದೇ ಫೈಲನ್ನು ಒಟ್ಟಿಗೆ ತಿದ್ದಿ ಒಬ್ಬರ ಕೆಲಸ ಇನ್ನೊಬ್ಬರು ಅಳಿಸಿಬಿಡಬಾರದು ಅಂತ ಈ ವ್ಯವಸ್ಥೆ. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರನೆ ಸತ್ತರೆ ಅಳಿಸುವವರು ಯಾರು? ಚಿಕ್ಕ ಫೈಲ್ ಅಲ್ಲೇ ಉಳಿಯುತ್ತದೆ. ಅದೇ ಕಂಪ್ಯೂಟರಿನಿಂದ ಮತ್ತೆ ತೆರೆದರೆ ಇದು ನನ್ನದೇ ಬೀಗ ಅಂತ ರೈಟರಿಗೆ ಗೊತ್ತಾಗುತ್ತದೆ. ನಾನು ತೆರೆದದ್ದು ಬೇರೆ ಕಂಪ್ಯೂಟರಿನಿಂದ.

ಫೋಲ್ಡರಿನಲ್ಲಿ ಆ ಫೈಲ್ ಮೊದಲು ಕಾಣಿಸಲೇ ಇಲ್ಲ. ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿದಾಗ ಮಸುಕಾಗಿ ಎದ್ದು ಬಂತು. ಅಳಿಸುವ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ಒಂದೇ ಸಾಲು ಇತ್ತು. ಶುರುವಿಗೇ ಒಂದು ಅಲ್ಪವಿರಾಮ, ಅದರ ಹಿಂದೆ ಖಾಲಿ. ಆಮೇಲೆ ಹುಡುಗಿಯ ಕಂಪ್ಯೂಟರಿನ ಹೆಸರು, ಆ ದಿನದ ತಾರೀಕು, ಹೊತ್ತು 16:47. ಸಿಡಿಲು ಹೊಡೆದ ಹೊತ್ತಲ್ಲ ಅದು, ಅವಳು ಕಾಫಿ ಕುಡಿದು ಬಂದು ಫೈಲ್ ತೆರೆದು ಕೂತ ಹೊತ್ತು. ಶುರುವಿನಲ್ಲಿ ಖಾಲಿ ಇತ್ತಲ್ಲ, ಅಲ್ಲಿ ಬಳಸುವವರ ಹೆಸರು ಇರಬೇಕಿತ್ತು. ನಾವು ಯಾವತ್ತೂ ತುಂಬಿರಲಿಲ್ಲ. ನನ್ನನ್ನು ಅಷ್ಟು ಹೆದರಿಸಿದ ‘ಅನ್‌ನೋನ್ ಯೂಸರ್’ ನಮ್ಮ ಹುಡುಗಿಯೇ!

ಉತ್ತರ ಕೊಟ್ಟವರು ಒಂದು ಮಾತು ಒತ್ತಿ ಹೇಳಿದ್ದರು. ಬೇರೆ ಯಾರೂ ಆ ಫೈಲನ್ನು ನಿಜವಾಗಿ ತೆರೆದುಕೊಂಡಿಲ್ಲ ಅಂತ ಖಚಿತ ಮಾಡಿಕೊಂಡು, ಮೂಲ ಫೈಲಿನದೊಂದು ಕಾಪಿ ಬೇರೆ ಕಡೆ ಇಟ್ಟು, ರೈಟರ್ ಪೂರ್ತಿ ಮುಚ್ಚಿ, ಆಮೇಲೆ ಚಿಕ್ಕ ಫೈಲನ್ನು ಮಾತ್ರ ಅಳಿಸಿ. ಹಾಗೇ ಮಾಡಿದೆ. ಪ್ರಬಂಧ ತೆರೆದುಕೊಂಡಿತು. ಹುಡುಗಿ ಕೊನೆಯ ಸಲ ಸೇವ್ ಕೊಟ್ಟಲ್ಲಿಯವರೆಗೆ ಎಲ್ಲವೂ ಇತ್ತು, ಒಂದೂವರೆ ಪುಟ ಮಾತ್ರ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ಟೈಪ್ ಮಾಡಿ ಮುಗಿಸಿದೆವು. ಮೂರು ದಿನ ಬಿಟ್ಟು ಶಿವಮೊಗ್ಗದಿಂದ ಹೊಸ ಎಸ್‌ಎಂಪಿಎಸ್ ತರಿಸಿ ಹಾಕಿದಾಗ ಅವಳ ಕಂಪ್ಯೂಟರಿನಲ್ಲಿ ರೈಟರ್ ತಾನಾಗಿಯೇ ಆ ಫೈಲನ್ನು ರಿಕವರ್ ಮಾಡಲಾ ಅಂತ ಕೇಳಿತು. ಆ ಒಂದೂವರೆ ಪುಟವೂ ಅದರಲ್ಲಿತ್ತು. (ಹೀಗೆ ಕೇಳಿದಾಗ ಹಳೆಯ ಹೆಸರಿಗೇ ಸೇವ್ ಮಾಡಬೇಡಿ. ಆಮೇಲೆ ತಿದ್ದಿದ್ದೆಲ್ಲ ಹೋಗುತ್ತದೆ. ಬೇರೆ ಹೆಸರು ಕೊಡಿ.)

ಆ ವಾರವೇ ಟೂಲ್ಸ್, ಆಪ್ಷನ್ಸ್ ಒಳಗೆ ಹೋಗಿ ಎರಡೂ ಕಂಪ್ಯೂಟರಿನಲ್ಲಿ ‘ಯೂಸರ್ ಡೇಟಾ’ ಅನ್ನುವಲ್ಲಿ ನಮ್ಮ ನಮ್ಮ ಹೆಸರು ಹಾಕಿದೆ. ಈಗ ಲಾಕ್ ಸಂದೇಶ ಬಂದರೆ ಯಾರು ತೆರೆದಿದ್ದಾರೆ ಅಂತ ಹೆಸರು ಸಮೇತ ಬರುತ್ತದೆ, ಕೂತಲ್ಲಿಂದಲೇ "ಮಾರಾಯ್ತಿ, ಅದನ್ನು ಮುಚ್ಚೇ" ಅಂದರೆ ಸಾಕು. ಅಲ್ಲೇ ಲೋಡ್/ಸೇವ್ ಒಳಗೆ ತಾನಾಗಿ ಉಳಿಸುವ ಹೊತ್ತನ್ನು ಹತ್ತು ನಿಮಿಷದಿಂದ ಮೂರಕ್ಕೆ ಇಳಿಸಿದೆ, ಬ್ಯಾಕಪ್ ಕಾಪಿ ಇಡು ಅನ್ನುವುದಕ್ಕೂ ಟಿಕ್ ಹಾಕಿದೆ.

ಪಾಸ್‌ವರ್ಡ್ ಬೀಗದ ಕಥೆ ಬೇರೆ. ಕಳೆದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಪೆನ್‌ಡ್ರೈವ್ ತಂದರು. ಅಡಿಕೆ ತೋಟದ ಪಾಲುಪಟ್ಟಿಯ ಕರಡು. ಅವರೇ ಪಾಸ್‌ವರ್ಡ್ ಹಾಕಿದ್ದು, ಪಾಸ್‌ವರ್ಡ್ ನೆನಪೂ ಇದೆ, ಆದರೂ ತೆರೆಯುತ್ತಿಲ್ಲ. ಮನೆಯಲ್ಲಿ ಮೊಮ್ಮಗ ಯಾವುದೋ ತಾಣಕ್ಕೆ ಫೈಲ್ ಹಾಕಿದರೆ ಪಾಸ್‌ವರ್ಡ್ ತೆಗೆದುಕೊಡುತ್ತಾರಂತೆ ಅಂದನಂತೆ. ನಾನು ಬೇಡವೇ ಬೇಡ ಮೇಷ್ಟ್ರೇ ಅಂದೆ. ಅದರಲ್ಲಿ ಸರ್ವೆ ನಂಬರ್ ಇದೆ, ಮನೆಯವರೆಲ್ಲರ ಆಧಾರ್ ನಂಬರ್ ಇದೆ. ಅಂಥದ್ದನ್ನು ಗುರುತಿಲ್ಲದವರ ಕೈಗೆ ಕೊಡುವುದಾ? ಅಲ್ಲದೆ ತೆರೆಯಲು ಪಾಸ್‌ವರ್ಡ್ ಹಾಕಿದ ಓಡಿಟಿ ಫೈಲನ್ನು ರೈಟರ್ ಎಇಎಸ್-256 ಅನ್ನುವ ಗಟ್ಟಿ ಕ್ರಮದಲ್ಲಿ ಗೂಢಲಿಪಿ ಮಾಡಿಡುತ್ತದೆ. ಒಳ್ಳೆಯ ಪಾಸ್‌ವರ್ಡ್ ಹಾಕಿ ಮರೆತರೆ ಹಿಂಬಾಗಿಲು ಅಂತ ಇಲ್ಲ.

ಅವರು ಟೈಪ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಪರದೆ ಮೇಲೆ ಬರೀ ಚುಕ್ಕೆಗಳು. ಆಗ ಹೊಳೆಯಿತು. ಪಾಸ್‌ವರ್ಡ್ ಇಟ್ಟ ದಿನ ಅವರು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರು, ಕೀಬೋರ್ಡ್ ಕನ್ನಡದಲ್ಲೇ ಇದ್ದಿರಬೇಕು! ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ ಕನ್ನಡಕ್ಕೆ ಬದಲಾಯಿಸಿ, ಈಗ ಅದೇ ಕೀಗಳನ್ನು ಒತ್ತಿ ಅಂದೆ. ಒಂದೊಂದೇ ಒತ್ತಿದರು. ಎಂಟರ್ ಕೊಟ್ಟ ಕೂಡಲೇ ಪಾಲುಪಟ್ಟಿ ಕಣ್ಣ ಮುಂದೆ. ಕನ್ನಡದಲ್ಲಿ ಟೈಪ್ ಮಾಡುವವರು ಪಾಸ್‌ವರ್ಡ್ ತಪ್ಪು ಅಂತ ಬಂದರೆ ಮೊದಲು ಇದನ್ನು ನೋಡಿ, ಆಮೇಲೆ ಕ್ಯಾಪ್ಸ್ ಲಾಕ್ ನೋಡಿ.

ಇನ್ನುಳಿದದ್ದು ತೆರೆದರೂ ತಿದ್ದಲು ಬಿಡದ ಫೈಲ್. ಎಡಿಟ್ ಮೆನುವಿನಲ್ಲಿ ‘ಎಡಿಟ್ ಮೋಡ್’ ಒತ್ತಿ ನೋಡಿ. ಒಂದು ಭಾಗ ಮಾತ್ರ ಕೇಳುತ್ತಿಲ್ಲ ಅಂದರೆ ಫಾರ್ಮ್ಯಾಟ್ ಮೆನುವಿನ ‘ಸೆಕ್ಷನ್ಸ್’ ಒಳಗೆ ‘ಪ್ರೊಟೆಕ್ಟೆಡ್’ ಟಿಕ್ ಇರುತ್ತದೆ. ಹೆಚ್ಚಾಗಿ ಅಷ್ಟೇ.

ಕೊರತೆ ಇಲ್ಲವಾ ಅಂದರೆ ಇದೆ. ಬೇರೆ ಕಡೆಯಿಂದ ಬಂದ ಡಾಕ್ಸ್ ಫೈಲಿನಲ್ಲಿ ಟೇಬಲ್ ಜಾಸ್ತಿ ಇದ್ದರೆ ಪುಟ ಹೆಚ್ಚು ಕಡಿಮೆ ಆಗುತ್ತದೆ. ಹಳೆಯ ನುಡಿ ಫಾಂಟಿನ ಫೈಲಿಗೆ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರ ಕಾಣುತ್ತದೆ, ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಮತ್ತೆ ಆ ಲಾಕ್ ಸಂದೇಶ. ‘ಕಾಪಿ ತೆರೆಯಿರಿ’ ಒತ್ತಿದ್ದರೆ ಆ ಸಂಜೆಯೇ ನನ್ನ ಕೆಲಸ ಆಗುತ್ತಿತ್ತು, ಆದರೆ ಒತ್ತಿದರೆ ಏನೂ ಹಾಳಾಗುವುದಿಲ್ಲ ಅಂತ ಅಲ್ಲಿ ಒಂದು ಮಾತು ಇರಬಾರದಾ? ಮೆನು ಕನ್ನಡದಲ್ಲೂ ಸಿಗುತ್ತದೆ. ನಾನು ಮಾತ್ರ ಇಂಗ್ಲಿಷ್‌ನಲ್ಲೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಸಂದೇಶದ ಮಾತನ್ನು ಹಾಗೇ ಹಾಕಿ ಹುಡುಕಿದರೆ ಉತ್ತರ ಬೇಗ ಸಿಗುತ್ತದೆ. ಓಪನ್ ಆಫೀಸ್ ಬಗ್ಗೆ ಬರೆದ ಹಳೆಯ ಉತ್ತರಗಳೂ ಎಷ್ಟೋ ಸಲ ಕೆಲಸಕ್ಕೆ ಬರುತ್ತವೆ, 2010ರಲ್ಲಿ ಅದರಿಂದಲೇ ಕವಲೊಡೆದು ಬಂದದ್ದು ಇದು.

ತೀರ್ಥಹಳ್ಳಿ ಸುತ್ತಮುತ್ತಲಿನವರು ಇಂಥ ತೊಂದರೆಯಲ್ಲಿದ್ದರೆ ಅಂಗಡಿಗೆ ಬನ್ನಿ, ನೋಡಿಕೊಡುತ್ತೇನೆ. ಪರದೆ ಮೇಲಿನ ಸಂದೇಶದ್ದು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು ಬನ್ನಿ, ಫೈಲಿನದೊಂದು ಕಾಪಿ ಮನೆಯಲ್ಲೇ ಇಟ್ಟು ಬನ್ನಿ.