ವಿಂಡೋಸ್ 98 ಎಬ್ಬಿಸಲು ಮೂರು ದಾರಿ, ನನ್ನ ಓಟು 86ಬಾಕ್ಸ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಹೊಸ ಕಂಪ್ಯೂಟರಿನೊಳಗೇ ಒಂದು ಹಳೇ ಕಂಪ್ಯೂಟರ್ ಇದ್ದ ಹಾಗೆ ಮಾಡುವ ಸಾಫ್ಟ್‌ವೇರ್‌ಗಳು ವರ್ಚುವಲ್‌ಬಾಕ್ಸ್, ವಿಎಂವೇರ್, 86ಬಾಕ್ಸ್; ಮೂರನ್ನೂ ಓಡಿಸಿ ನೋಡಿದೆ. ಈಗ ನಮ್ಮ ಮನೆಯಲ್ಲಿ ಉಳಿದಿರುವುದು 86ಬಾಕ್ಸ್ ಮಾತ್ರ. ಮೂರರಲ್ಲಿ ನಿಧಾನದ್ದೂ ಅದೇ.

ಇದೆಲ್ಲ ಯಾಕೆ ಬೇಕಾಯ್ತು ಅಂದರೆ, ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮ ಚಿಕ್ಕಪ್ಪನದ್ದು ಒಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಬಿಲ್ ಬುಕ್ಕು, ಎಲ್ಲ ಪುಟ ಜೋಡಿಸುವ ಪೇಜ್‌ಮೇಕರ್ 6.5ರಲ್ಲಿ. 2000ದಲ್ಲಿ ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಕೂತು ಟೈಪ್ ಮಾಡಿ, 64 ಪುಟದ ಪುಸ್ತಕ ಮಾಡಿದ್ದರು. ಈ ಸಲ ಚಿಕ್ಕಪ್ಪನ ಮಗಳ ಮದುವೆಗೆ ಅದನ್ನೇ ಮತ್ತೆ ನೂರು ಪ್ರತಿ ಹಾಕಿಸೋಣ ಅಂತಾಯ್ತು. ಫೈಲುಗಳು ಸಿಡಿಯಲ್ಲಿ ಭದ್ರವಾಗಿದ್ದವು. ತೆರೆಯುವುದು ಹೇಗೆ?

ಪೇಜ್‌ಮೇಕರ್ ಜಾಗಕ್ಕೆ ಬಂದ ಇನ್‌ಡಿಸೈನ್ ಅದರ ಫೈಲನ್ನು ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಪೇಜ್‌ಮೇಕರ್ ಒಂದೇ ಆಗಿದ್ದರೆ ಹೊಸ ವಿಂಡೋಸ್‌ನಲ್ಲೇ ಹೇಗೋ ಎಬ್ಬಿಸಬಹುದಿತ್ತು. ಆದರೆ ಆಗ ಬಳಸಿದ್ದ ಕನ್ನಡ ಕೀಬೋರ್ಡ್ ಸಾಫ್ಟ್‌ವೇರ್ 16 ಬಿಟ್‌ದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ. ಅದು ಯೂನಿಕೋಡ್‌ಗೂ ಮುಂಚಿನ ಫಾಂಟ್ ಬೇರೆ. ನಿಮ್ಮ ಕಣ್ಣಿಗೆ 'ಕ' ಅಂತ ಕಾಣುವುದು ಕಂಪ್ಯೂಟರಿಗೆ ಯಾವುದೋ ಇಂಗ್ಲಿಷ್ ಅಕ್ಷರ. ಹಾಗಾಗಿ ವಿಂಡೋಸ್ 98 ಬೇಕೇ ಬೇಕು. ಸಿಡಿ, ಕವರ್ ಮೇಲಿನ ಕೀ ಎರಡೂ ಚಿಕ್ಕಪ್ಪನ ಬೀರುವಿನಲ್ಲೇ ಇದ್ದವು.

ನಾನು ಮಾಡಿದ ಮೊದಲ ದಡ್ಡತನ, ನಿಜವಾದ ಹಳೇ ಕಂಪ್ಯೂಟರ್ ಕೊಂಡಿದ್ದು. ಬೆಂಗಳೂರಿನ ಎಸ್.ಪಿ. ರೋಡಿನ ಸಂದಿಯೊಂದರಲ್ಲಿ 3,500 ರೂಪಾಯಿಗೆ ಪೆಂಟಿಯಂ 3 ಸಿಕ್ಕಿತು. ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಮೂರನೇ ವಾರ ಅದಕ್ಕೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಸುಟ್ಟುಹೋಯ್ತು. ಅಂಗಡಿಯವನಿಗೆ ಫೋನ್ ಮಾಡಿದರೆ "ಹಳೇ ಮಾಲಿಗೆ ಎಲ್ಲಿ ಸಾರ್ ಗ್ಯಾರಂಟಿ" ಅಂದ. ಅವನು ಹೇಳಿದ್ದೂ ಸರಿಯೇ. ಅಲ್ಲಿಗೆ ಗುಜರಿ ಸಹವಾಸ ಸಾಕು ಅನ್ನಿಸಿ ವರ್ಚುವಲ್ ಮಷಿನ್ ಕಡೆ ತಿರುಗಿದೆ.

ವರ್ಚುವಲ್‌ಬಾಕ್ಸ್ ನನಗೆ ಮೊದಲೇ ಪರಿಚಯ. ಹಳೇ ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಆಟ ಆಡಲು ಅಂತ ವಿಂಡೋಸ್ 98 ಹಾಕಿಟ್ಟಿದ್ದೆ, ಚೆನ್ನಾಗಿಯೇ ಓಡುತ್ತಿತ್ತು. ಅದೇ ಫೋಲ್ಡರನ್ನು ಹೊಸ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ ಶುರು ಮಾಡಿದೆ. ಮೋಡದ ಚಿತ್ರ ಬಂತು. ಆಮೇಲೆ ಕಪ್ಪು ಪರದೆ, ಅದರ ಮೇಲೆ 'ವಿಂಡೋಸ್ ಪ್ರೊಟೆಕ್ಷನ್ ಎರರ್'. ಚಿಕ್ಕಪ್ಪ ಹಿಂದೆಯೇ ನಿಂತಿದ್ದರು. "ಏನಪ್ಪಾ, ಅಷ್ಟು ದುಡ್ಡು ಕೊಟ್ಟು ತಂದಿದ್ದು ಹಳೇದಕ್ಕಿಂತ ಕಡೆ ಆಯ್ತಲ್ಲ" ಅಂದರು.

ಮೂರು ರಾತ್ರಿ ಇದರ ಮೇಲೆ ಹೋಯ್ತು. ಮೆಮೊರಿ ಜಾಸ್ತಿ ಆಯ್ತೇನೋ ಅಂತ 512 ಎಂಬಿಯಿಂದ 256ಕ್ಕೆ ಇಳಿಸಿದೆ. 98ಕ್ಕೆ 512ರ ಮೇಲೆ ಹೋದರೆ ಬೇರೆಯದೇ ತಕರಾರು ಇದೆ, ಅದಕ್ಕೇ ಆ ಅನುಮಾನ. ಏನೂ ಆಗಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂತೆ. ಫೈಲ್ ಕಾಪಿ ಆಗುವ ಮೊದಲ ಹಂತ ಸಲೀಸಾಗಿ ಮುಗಿಯುತ್ತದೆ. ರೀಸ್ಟಾರ್ಟ್ ಆದ ತಕ್ಷಣ ಮತ್ತೆ ಅದೇ ಕಪ್ಪು ಪರದೆ.

ಕಾರಣ ಗೊತ್ತಾದ ಮೇಲೆ ಮಾತ್ರ ಖುಷಿಯಾಯ್ತು. ಯಾವ ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ವಿಳಾಸಗಳನ್ನು ಪ್ರೊಸೆಸರ್ ತನ್ನೊಳಗೇ ಒಂದು ಚಿಕ್ಕ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಟಿಎಲ್‌ಬಿ ಅಂತಾರೆ. ವಿಳಾಸ ಬದಲಾದಾಗ "ಹಳೇದು ಬಿಡು" ಅಂತ ಆಪರೇಟಿಂಗ್ ಸಿಸ್ಟಂ ಹೇಳಬೇಕು. ವಿಂಡೋಸ್ 98 ಕೆಲವು ಕಡೆ ಹೇಳುವುದನ್ನೇ ಮರೆಯುತ್ತದೆ. ಮನೆ ಬದಲಾಯಿಸಿದವರು ಪೋಸ್ಟ್‌ಮನ್‌ಗೆ ತಿಳಿಸದೇ ಹೋದ ಹಾಗೆ. ಹಳೇ ಪ್ರೊಸೆಸರ್‌ಗಳಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಹೊಸ ರೈಜನ್, ಹೊಸ ಇಂಟೆಲ್ ಚಿಪ್‌ಗಳು ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತವೆ. ವರ್ಚುವಲ್‌ಬಾಕ್ಸ್ ನಿಮ್ಮ ಅಸಲಿ ಪ್ರೊಸೆಸರನ್ನೇ 98ರ ಕೈಗೆ ಕೊಡುವುದರಿಂದ ಪೆಟ್ಟು ನೇರವಾಗಿ ಬೀಳುತ್ತದೆ. ಇದರಲ್ಲಿ ವರ್ಚುವಲ್‌ಬಾಕ್ಸ್‌ದು ತಪ್ಪಿಲ್ಲ.

ಮದ್ದೂ ಇದೆ, ಬಿಟ್ಟಿಯಾಗಿಯೇ ಸಿಗುತ್ತದೆ. ಪ್ಯಾಚರ್9ಎಕ್ಸ್ ಅಂತ ಹೆಸರು. ಅದರ ಫ್ಲಾಪಿ ಇಮೇಜಿನಿಂದ ಬೂಟ್ ಮಾಡಿ, ಪ್ಯಾಚ್ ಓಡಿಸಿ, ವಿಂಡೋಸ್ ಫೋಲ್ಡರ್ ತೋರಿಸಿದರೆ ತಪ್ಪಿರುವ ಫೈಲನ್ನು ತಿದ್ದುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಮೊದಲ ಹಂತ ಮುಗಿದು ರೀಸ್ಟಾರ್ಟ್ ಆಗುವಾಗಲೇ ಫ್ಲಾಪಿ ಹಾಕಿ ಇದನ್ನು ಮಾಡಬೇಕು. ನಾನು ಎರಡು ಸಲ ಆ ಕ್ಷಣ ತಪ್ಪಿಸಿಕೊಂಡೆ, ಒಮ್ಮೆ ಅನ್ನಕ್ಕೆ ಎದ್ದು ಹೋಗಿ.

ಬೂಟ್ ಆಯ್ತು. ಬಂದದ್ದು 640x480, 16 ಬಣ್ಣ. ವಿಂಡೋಸ್ 98ಕ್ಕೆ ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್ ಅಡಿಷನ್ಸ್, ಅಂದರೆ ಪರದೆ ಮುಂತಾದವನ್ನು ಸರಿಮಾಡುವ ಡ್ರೈವರುಗಳ ಕಟ್ಟು, ಇಲ್ಲ. ಆ ಅಳತೆಯಲ್ಲಿ ಪೇಜ್‌ಮೇಕರ್ ತೆರೆದರೆ ಟೂಲ್ ಡಬ್ಬಿಗಳೇ ಪುಟವನ್ನು ಮುಚ್ಚಿಬಿಡುತ್ತವೆ. ಸಾಫ್ಟ್‌ಜಿಪಿಯು ಅನ್ನುವ ಬೇರೆ ಡ್ರೈವರ್ ಹಾಕಿದ ಮೇಲೆ ಸರಿಹೋಯ್ತು. ಆಮೇಲಿನ ವೇಗ ಮಾತ್ರ ಅಬ್ಬಾ ಅನ್ನಬೇಕು, ಪೇಜ್‌ಮೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಇದ್ದ ಸ್ಥಿತಿಯನ್ನು ಹಾಗೇ ಉಳಿಸಿಟ್ಟು ಬೇಕಾದಾಗ ಅಲ್ಲಿಗೇ ಮರಳುವ ಸ್ನ್ಯಾಪ್‌ಶಾಟ್ ಸೌಲಭ್ಯವೂ ಇದೆ. ಆದರೂ ಮೂರು ಕಡೆ ತೇಪೆ ಹಾಕಿದ ಟೈರಿನಲ್ಲಿ ಓಡುವ ಹಾಗಿತ್ತು ನನಗೆ. ನಾನಿಲ್ಲದ ದಿನ ಕೆಟ್ಟರೆ ಚಿಕ್ಕಪ್ಪ ಯಾರನ್ನು ಕೇಳಬೇಕು?

ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ, ಡೌನ್‌ಲೋಡ್‌ಗೆ ಖಾತೆ ತೆರೆಯಬೇಕು. 98ಕ್ಕೆ ಹೊಂದುವ ಡ್ರೈವರುಗಳ ಕಟ್ಟು, ಹಳೇ ವಿಎಂವೇರ್ ಟೂಲ್ಸ್, ಇರುವುದರಿಂದ ಪರದೆಯ ತಾಪತ್ರಯ ಕಡಿಮೆ. ಪ್ರೊಸೆಸರ್ ತಕರಾರು ಮಾತ್ರ ಅದೇ, ಪ್ಯಾಚ್ ಅದಕ್ಕೂ ಬೇಕು. ವೇಗವೇ ಮುಖ್ಯ ಅನ್ನುವವರು ಇದನ್ನೇ ಹಾಕಿಕೊಳ್ಳಿ.

ಈಗ 86ಬಾಕ್ಸ್. ಇದು ನಿಮ್ಮ ಪ್ರೊಸೆಸರನ್ನು 98ಕ್ಕೆ ತೋರಿಸುವುದೇ ಇಲ್ಲ. ಒಂದು ಹಳೇ ಮದರ್‌ಬೋರ್ಡು, ಹಳೇ ಪ್ರೊಸೆಸರು, ಹಳೇ ಗ್ರಾಫಿಕ್ಸ್ ಕಾರ್ಡು, ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ನಕಲು ಮಾಡುತ್ತದೆ. ಅಂಗಡಿಗೆ ಹೋಗಿ ಅಸೆಂಬಲ್ ಮಾಡಿಸಿದ ಹಾಗೆ ಒಂದೊಂದೇ ಭಾಗ ಆರಿಸಬೇಕು. ಆ ಬೋರ್ಡು, ಕಾರ್ಡುಗಳನ್ನು ಎಬ್ಬಿಸುವ ಬಯಾಸ್ ರೋಮ್ (ROM) ಫೈಲುಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ನಾನು ಸಾಕೆಟ್ 7 ಬೋರ್ಡು, ಪೆಂಟಿಯಂ ಎಂಎಂಎಕ್ಸ್ 166, 64 ಎಂಬಿ ಮೆಮೊರಿ, ಎಸ್3 ವರ್ಜ್ ಕಾರ್ಡು, ಸೌಂಡ್ ಬ್ಲಾಸ್ಟರ್ 16 ಆರಿಸಿದೆ. ಹೆಚ್ಚು ಕಡಿಮೆ ಚಿಕ್ಕಪ್ಪನ ಅಂಗಡಿಯಲ್ಲಿದ್ದ ಮಷಿನ್ನೇ.

ಪ್ಯಾಚ್ ಬೇಡ. ಡ್ರೈವರ್ ಹುಡುಕುವುದು ಬೇಡ, ಈ ಕಾರ್ಡುಗಳ ಡ್ರೈವರ್ ವಿಂಡೋಸ್ 98ರ ಸಿಡಿಯಲ್ಲೇ ಇವೆ. ಒಂದೇ ಸಲಕ್ಕೆ ಇನ್‌ಸ್ಟಾಲ್ ಆಯ್ತು, ಮುಕ್ಕಾಲು ಗಂಟೆ ಹಿಡಿಯಿತು. 1024x768ರಲ್ಲಿ ಪುಟ ಪೂರ್ತಿ ಕಾಣುತ್ತದೆ. ಮೆಮೊರಿ ಎಣಿಸುವ ಆ ಕಪ್ಪು ಪರದೆ ಬಂದಾಗ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತರು.

ನಿಧಾನ ಅಂದೆನಲ್ಲ, ಅದು ನಿಜ. ವೇಗ ಎಷ್ಟು ಪರ್ಸೆಂಟ್ ಸಿಗುತ್ತಿದೆ ಅಂತ ಕಿಟಕಿಯ ಮೇಲೇ ತೋರಿಸುತ್ತದೆ. ಆಸೆಪಟ್ಟು ಪೆಂಟಿಯಂ 2 ಹಾಕಿದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ 70ಕ್ಕೆ ಇಳಿದು ಸದ್ದು ತುಂಡು ತುಂಡಾಯ್ತು. 166ರಲ್ಲಿ 100 ನಿಲ್ಲುತ್ತದೆ, ಚಾರ್ಜರ್ ಹಾಕಿದ್ದರೆ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದರೆ ಮತ್ತೆ ಇಳಿಯುತ್ತದೆ. ಫ್ಯಾನ್ ಯಾವಾಗಲೂ ಕೂಗುತ್ತಿರುತ್ತದೆ. ಆಟ ಆಡುವವರಿಗೆ ಇದು ಕಿರಿಕಿರಿ. ಲಗ್ನಪತ್ರಿಕೆ ತಿದ್ದುವವರಿಗೆ ಏನೂ ಅಲ್ಲ, 2000ದಲ್ಲೂ ಇಷ್ಟೇ ಕಾಯುತ್ತಿದ್ದರು.

ಫೈಲ್ ಹೊರಗೆ ತರುವುದು ಮೂರರಲ್ಲೂ ಒಂದೇ ಗೋಳು ಅಂದುಕೊಂಡಿದ್ದೆ. ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ತಾನಾಗಿ ತಿಳಿಯುವುದಿಲ್ಲ. ನೆಟ್‌ವರ್ಕ್ ಶೇರಿಂಗ್ ಮಾಡೋಣ ಅಂದರೆ ಅದಕ್ಕೆ ಬೇಕಾದ ಫೈಲ್ ಹಂಚುವ ಹಳೇ ಕ್ರಮ ಎಸ್‌ಎಂಬಿ1 ಹೊಸ ವಿಂಡೋಸ್‌ಗಳಲ್ಲಿ ತಾನಾಗಿ ಬರುವುದಿಲ್ಲ. 86ಬಾಕ್ಸ್‌ನಲ್ಲಿ ಸುಲಭದ ದಾರಿ, 98ರ ಹಾರ್ಡ್‌ಡಿಸ್ಕ್ ಫೈಲನ್ನು ವಿಎಚ್‌ಡಿ ಮಾದರಿಯಲ್ಲಿ ಮಾಡಿಕೊಳ್ಳುವುದು. 98 ಆಫ್ ಮಾಡಿ, ಆ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಹೊಸ ವಿಂಡೋಸ್‌ನಲ್ಲಿ ಇನ್ನೊಂದು ಡ್ರೈವ್ ಆಗಿ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಇಜೆಕ್ಟ್ ಮಾಡುವುದು ಮರೆಯಬೇಡಿ.

ಪಿಡಿಎಫ್ ಮಾಡುವುದಕ್ಕೂ ಒಂದು ಉಪಾಯ. 98ರಲ್ಲಿ ಆಪಲ್ ಲೇಸರ್‌ರೈಟರ್ ಪ್ರಿಂಟರ್ ಡ್ರೈವರ್ ಹಾಕಿ, ಪೋರ್ಟ್ ಜಾಗದಲ್ಲಿ 'ಫೈಲ್' ಅಂತ ಕೊಡಿ. ಬಂದ ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ಈಚೆ ಘೋಸ್ಟ್‌ಸ್ಕ್ರಿಪ್ಟ್‌ಗೆ ಕೊಟ್ಟರೆ ಪಿಡಿಎಫ್. ಒತ್ತಕ್ಷರ ಒಂದೂ ಅಲ್ಲಾಡಿಲ್ಲ. 64 ಪುಟವೂ ಅಜ್ಜಿ ನೋಡಿದ್ದ ಹಾಗೇ ಬಂತು.

ಖರ್ಚಿನ ಲೆಕ್ಕ ಹೇಳಬೇಕೆಂದರೆ, ಮೂರು ಸಾಫ್ಟ್‌ವೇರಿಗೂ ಸೊನ್ನೆ. ಹೋದದ್ದು ಎಸ್.ಪಿ. ರೋಡಿನ 3,500 ಮಾತ್ರ. ಆ ಡಬ್ಬ ಈಗ ಮಾಳಿಗೆ ಮೆಟ್ಟಿಲ ಕೆಳಗಿದೆ. ನಿಮ್ಮದು ಇನ್ನೂ ಹಳೇ ಡೆಸ್ಕ್‌ಟಾಪ್ ಆಗಿದ್ದರೆ ವರ್ಚುವಲ್‌ಬಾಕ್ಸ್ ಸಾಕು, ನನಗೂ ಆಗ ಸಾಕಾಗಿತ್ತು. ಹೊಸ ಲ್ಯಾಪ್‌ಟಾಪ್, ಹಗುರ ಕೆಲಸ, ಮನೆಯ ಹಿರಿಯರೂ ಕೂರುವವರು ಅಂದರೆ ಕಣ್ಣು ಮುಚ್ಚಿಕೊಂಡು 86ಬಾಕ್ಸ್ ಹಾಕಿ.

ಒಂದು ಎಚ್ಚರಿಕೆ ಮಾತ್ರ ಇದೆ. ಈ ನಕಲು ಬೋರ್ಡು ತಾನಾಗಿ ಆಫ್ ಆಗುವುದಿಲ್ಲ. ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ 'ಈಗ ಕಂಪ್ಯೂಟರ್ ಆಫ್ ಮಾಡಬಹುದು' ಅಂತ ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತದೆ. ಆಮೇಲೆ ಆ ಕಿಟಕಿಯನ್ನು ಮುಚ್ಚಬೇಕು. ಮೊನ್ನೆ ಚಿಕ್ಕಪ್ಪ ಕೊನೆಯ ಪ್ರೂಫ್ ತಿದ್ದಿ, ಶಟ್‌ಡೌನ್ ಕೊಟ್ಟು, ಆ ಅಕ್ಷರ ಬರುವವರೆಗೂ ಕಾದು, ಲ್ಯಾಪ್‌ಟಾಪಿನ ಪವರ್ ಬಟನ್ನನ್ನೇ ಒತ್ತಿ ಹಿಡಿದರು. ಪಕ್ಕದ ಕಿಟಕಿಯಲ್ಲಿ ನನ್ನ ಆಫೀಸ್ ಲೆಕ್ಕ ತೆರೆದಿತ್ತು, ಸೇವ್ ಮಾಡಿರಲಿಲ್ಲ.